ದಾಟುವಾಗ ಮಾತಿಲ್ಲ

ಕಣ್ಣು ಕಾಣದವರು ಬೀದಿಗಿಳಿದಾಗ, ಎಷ್ಟೋ ಮೈಲಿ ದೂರದಲ್ಲಿ ಕುಳಿತವರೊಬ್ಬರು ಅವರ ಫೋನಿನ ಕ್ಯಾಮೆರಾ ಮೂಲಕ ಅದೇ ಬೀದಿಯನ್ನು ನೋಡುತ್ತಾ ದಾರಿ ಹೇಳುವ ಸೇವೆಯೊಂದು ಅಮೆರಿಕದಲ್ಲಿದೆ. ಹೆಸರು ಐರಾ. ಸುಮನ್ ಕಾನುಗಂಟಿ ಮತ್ತು ಯುಜಾ ಚಾಂಗ್ 2015ರಲ್ಲಿ ಕಟ್ಟಿದ ಸಂಸ್ಥೆ ಅದು. ದಾರಿ ಹೇಳುವವರು ತರಬೇತಿ ಪಡೆದ ಏಜೆಂಟರು. ಅವರ ಪರದೆಯಲ್ಲಿ ಕ್ಯಾಮೆರಾದ ದೃಶ್ಯವೂ ಇರುತ್ತದೆ, ನಡೆಯುವವರು ಎಲ್ಲಿದ್ದಾರೆಂದು ತೋರಿಸುವ ನಕ್ಷೆಯೂ ಇರುತ್ತದೆ.

ಈ ಸೇವೆಯ ಒಂದು ನಿಯಮ ನನ್ನ ಮನಸ್ಸಿನಲ್ಲಿ ನಿಂತಿದೆ. ರಸ್ತೆ ದಾಟುವಾಗ ಏಜೆಂಟ್ ಮಾತು ನಿಲ್ಲಿಸಬೇಕು. ‘ಈಗ ದಾಟಿ’ ಎಂದು ಹೇಳುವಂತಿಲ್ಲ. ಆಚೆ ಬದಿ ಮುಟ್ಟಿದ ಮೇಲಷ್ಟೇ ಮತ್ತೆ ಮಾತು.

ಬಿಳಿ ಕೋಲು ಹಿಡಿದವರಿಗೆ ಆ ಹೊತ್ತಿನಲ್ಲಿ ಕಿವಿಯೇ ಆಧಾರ. ಸಿಗ್ನಲ್ಲಿನಲ್ಲಿ ತಮ್ಮ ಪಕ್ಕದ ಸಾಲಿನ ವಾಹನಗಳು ಹೊರಟ ಸದ್ದಿನಿಂದ, ಅಡ್ಡ ಬರುವ ಸಾಲು ನಿಂತಿದೆಯೆಂದು ಅವರು ಅಂದಾಜಿಸುತ್ತಾರೆ. ಕಿವಿಯಲ್ಲಿ ಇನ್ನೊಬ್ಬರ ದನಿ ಇದ್ದರೆ ಆ ಸದ್ದು ಮುಚ್ಚಿಹೋಗುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಎದುರಿನ ಒಂದು ತುಂಡು ಮಾತ್ರ, ಅದೂ ಚೂರು ತಡವಾಗಿ. ಬೈಕೊಂದು ನುಗ್ಗಿಬರಲು ಅಷ್ಟು ಸಾಕು. ಹಾಗಾಗಿ ಕೋಲಾಗಲಿ, ದಾರಿ ತೋರುವ ನಾಯಿಯಾಗಲಿ ಜೊತೆಗಿರಲೇಬೇಕು. ಯಾವಾಗ ಹೆಜ್ಜೆ ಇಡಬೇಕೆಂಬ ತೀರ್ಮಾನ ನಡೆಯುವವರದೇ.



ದೂರದಲ್ಲಿರುವವರಿಗೆ ಕೈ ಹಿಡಿದು ಎಳೆಯಲು ಆಗುವುದಿಲ್ಲ. ಇದು ಆ ಸೇವೆಯ ಕೊರತೆಯಲ್ಲ, ಬಲ ಎಂದೇ ನನ್ನ ಎಣಿಕೆ. ನಮ್ಮ ಸರ್ಕಲ್‌ಗಳಲ್ಲಿ ಕೋಲು ಹಿಡಿದು ನಿಂತವರನ್ನು ಕಂಡರೆ ಒಳ್ಳೆಯ ಮನಸ್ಸಿನವರೇ ರಟ್ಟೆಗೆ ಕೈ ಹಾಕಿ ದಾಟಿಸಿಬಿಡುತ್ತಾರೆ, ದಾಟಬೇಕಿತ್ತೇ ಎಂದು ಕೇಳದೆ. ದಾರಿ ಕೇಳಿದರೆ ‘ಅಲ್ಲೇ ಮುಂದೆ’ ಎಂದು ಗದ್ದ ಎತ್ತಿ ತೋರಿಸುತ್ತಾರೆ. ನೋಡಲಾಗದವರಿಗೆ ಅದರಿಂದೇನು ಸಿಕ್ಕಿತು? ‘ಹತ್ತು ಹೆಜ್ಜೆ ನೇರ ನಡೆದರೆ ಬಲಗೈಗೆ ಮೆಟ್ಟಿಲು, ಮೆಟ್ಟಿಲ ಪಕ್ಕ ಕಂಬಿ ಇದೆ’ ಅಂದರೆ ಅದು ದಾರಿ. ಜೊತೆಗೆ ಹೋಗುವುದಾದರೆ ಕೇಳಿ, ನಮ್ಮ ಮೊಣಕೈ ಕೊಡಬೇಕು. ಅವರು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ.

ಐರಾ ದುಬಾರಿ, ನಿಮಿಷದ ಲೆಕ್ಕದಲ್ಲಿ ದುಡ್ಡು. ಆದರೆ ಅಮೆರಿಕದ ಹಲವು ವಿಮಾನ ನಿಲ್ದಾಣಗಳು ತಮ್ಮ ಆವರಣದಲ್ಲಿ ಆ ಖರ್ಚನ್ನು ತಾವೇ ಭರಿಸಿ ಪ್ರಯಾಣಿಕರಿಗೆ ಉಚಿತ ಮಾಡಿವೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ, ಪ್ಲಾಟ್‌ಫಾರಂಗಳನ್ನು ಬಲ್ಲ ಒಬ್ಬರು ಕನ್ನಡದಲ್ಲಿ ಹೀಗೆ ದಾರಿ ಹೇಳುವಂತಾಗಲಿ, ಅದರ ಖರ್ಚು ಟಿಕೆಟ್ ಕೊಳ್ಳುವ ಅಂಧರ ಮೇಲೆ ಬೀಳದಿರಲಿ.