“ಯಾರು ಮಾಡಿಸಿದರು?” ಎಂದು ಕೇಳುವ ಮೊದಲು

ಇವತ್ತಿನ ವಾಕ್ಯಭಾಗ ಧರ್ಮೋಪದೇಶಕಾಂಡ 18ನೇ ಅಧ್ಯಾಯ, 9ರಿಂದ 22ನೇ ವಚನ. ಸತ್ಯವೇದ ತೆರೆದಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಅದೇ ಅಧ್ಯಾಯಕ್ಕೆ ಬರ್ತೀವಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿಂದ ಬಂದವರಾದರೂ ಪ್ರಾರ್ಥನೆ ಮುಗಿದ ಮೇಲೆ ಮೆಲ್ಲಗೆ ಕೇಳುವ ಕೆಲವು ಪ್ರಶ್ನೆಗಳಿವೆ. ಜಾತಕ, ಅಮಾವಾಸ್ಯೆ, ಮಾಟ, ಬಾನಾಮತಿ. ನಾಚಿಕೊಳ್ಳಬೇಡ್ರಿ. ಕೇಳೋದು ಪಾಪ ಅಲ್ಲ. ಒಂದೊಂದಾಗಿ ನೋಡೋಣ.

ಮೊದಲನೇ ಪ್ರಶ್ನೆ: “ಪಾಸ್ಟರ್, ಜಾತಕ ನೋಡ್ಸಿದ್ರ ಏನ್ ತಪ್ಪರಿ? ಬರೇ ತಿಳ್ಕೊಳ್ಳಾಕ. ಯಾರಿಗೂ ತೊಂದ್ರಿ ಇಲ್ಲಲ್ಲ?”

2019ರ ಡಿಸೆಂಬರ್ 25ರಂದು ನಾವೆಲ್ಲ ಕ್ರಿಸ್ಮಸ್ ಆರಾಧನೆ ಮಾಡಿದೆವು. ಮರುದಿನ ಬೆಳಿಗ್ಗೆ ಸೂರ್ಯಗ್ರಹಣ. ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಕನ್ನಡಕ ಹಾಕಿಕೊಂಡು ಅದನ್ನು ಉಂಗುರದಂತೆ ಕಂಡು ಸಂತೋಷಪಟ್ಟರು. ಅದೇ ಹೊತ್ತಿಗೆ ನಮ್ಮ ಕಲಬುರಗಿ ಪಕ್ಕದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದಲ್ಲಿ ಹೀಗೆ ಮಾಡಿದರೆ ಮಕ್ಕಳ ಅಂಗವೈಕಲ್ಯ ಹೋಗ್ತದ ಅನ್ನೋ ನಂಬಿಕೆ.

ಆ ತಂದೆತಾಯಿಗಳನ್ನು ನೋಡಿ ನಗಬೇಡಿ. ಅವರು ಕ್ರೂರಿಗಳಲ್ಲ. ಮಗು ಎದ್ದು ನಡೆದರೆ ಸಾಕು ಎಂದು ಕಣ್ಣೀರು ಹಾಕಿದವರು. ಅವರ ಪ್ರೀತಿ ಸುಳ್ಳಲ್ಲ, ಅವರು ನಂಬಿದ ಮಾತು ಸುಳ್ಳು. ಪ್ರೀತಿಯ ಕೈಗೆ ಸುಳ್ಳು ಮಾತು ಸಿಕ್ಕರೆ ಆ ಕೈಯೇ ಮಗುವಿನ ಸುತ್ತ ಮಣ್ಣು ಎಳೆಯುತ್ತದೆ. “ಬರೇ ತಿಳ್ಕೊಳ್ಳಾಕ” ಅಂತ ಶುರುವಾದದ್ದು ತಿಳ್ಕೊಳ್ಳೋದರಲ್ಲೇ ನಿಲ್ಲೋದಿಲ್ಲ. ನಂಬಿದ್ದನ್ನ ಮನುಷ್ಯ ಮಾಡೇ ಮಾಡ್ತಾನ.

ಮೌಢ್ಯ ನಿಷೇಧ ಕಾಯ್ದೆ ಅಂತ ನಾವು ಕರೆಯುವ ಕಾನೂನನ್ನು ಕರ್ನಾಟಕದ ವಿಧಾನಮಂಡಲ 2017ರಲ್ಲಿ ಒಪ್ಪಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಅದರಲ್ಲಿ ಬಾನಾಮತಿಯ ಹೆಸರಿದೆ. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದೂ ಅಪರಾಧ. ಜ್ಯೋತಿಷ್ಯ, ವಾಸ್ತು ಹೇಳುವುದನ್ನು ಮಾತ್ರ ಅದು ನಿಷೇಧಿಸಿಲ್ಲ. ಹಾಗಾದರೆ ವಿಶ್ವಾಸಿಗೆ ಅನುಮತಿ ಸಿಕ್ಕಿತಾ? ಇಲ್ಲ. ಹಾನಿ ಆಯಿತೇ ಎಂದು ಕಾನೂನು ಕೇಳುತ್ತದೆ. ನಿನ್ನ ಭರವಸೆ ಯಾರ ಮೇಲೆ ಎಂದು ದೇವರು ಕೇಳ್ತಾರೆ.

ಎರಡನೇ ಪ್ರಶ್ನೆ: “ಅವ್ರು ಹೇಳಿದ್ದು ಖರೇ ಆಯ್ತಲ್ಲರಿ?”

ಆಗಿರಬಹುದು. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿ ಪಟ್ಟಣದ ಕಣಿಹೇಳುವ ಹುಡುಗಿ ಪೌಲನ ಬಗ್ಗೆ ಹೇಳಿದ್ದು ಪೂರಾ ನಿಜ. ಆದರೂ ಪೌಲನು ಆ ಆತ್ಮವನ್ನು ಬಿಡಿಸಿದನು. ಯಾಕೆ? ಆಕೆ ಗುಲಾಮಳು. ಕಣಿ ಹೇಳಿ ಬಂದ ದುಡ್ಡೆಲ್ಲ ಯಜಮಾನರ ಚೀಲಕ್ಕೆ. ಆಕೆಗೆ ಬಿಡುಗಡೆ ಆದಾಗ ಅವರು ಸಿಟ್ಟಾದದ್ದು ಆದಾಯ ಹೋಯಿತೆಂದು. ಆದ್ದರಿಂದ “ಖರೇ ಆಯ್ತಾ?” ಎಂಬುದೊಂದೇ ಪರೀಕ್ಷೆ ಅಲ್ಲ. ಆ ಮಾತು ಯಾರನ್ನು ಬಿಡಿಸಿತು, ಯಾರನ್ನು ಕಟ್ಟಿಹಾಕಿತು ಎಂದೂ ನೋಡಬೇಕು.

ಮೂರನೇ ಪ್ರಶ್ನೆ: “ಜೋಯಿಸರು ನಕ್ಷತ್ರ ನೋಡೇ ಯೇಸುವಿನ ಹತ್ರ ಬಂದ್ರಲ್ಲ?”

ಮತ್ತಾಯ 2 ಪೂರ್ತಿ ಓದಿರಿ. ನಕ್ಷತ್ರವನ್ನು ಕಂಡವರು ಬಂದು ನಿಂತದ್ದು ಯೆರೂಸಲೇಮಿನಲ್ಲಿ. ಬೇತ್ಲೆಹೇಮ್ ಎಂಬ ಊರಿನ ಹೆಸರು ಸಿಕ್ಕಿದ್ದು ಪ್ರವಾದಿಯ ಗ್ರಂಥದಿಂದ. ಮಗುವನ್ನು ಕಂಡ ಮೇಲೆ ಅವರು ಯಾರ ಜಾತಕವನ್ನೂ ಬರೆಯಲಿಲ್ಲ, ಅಡ್ಡಬಿದ್ದರು. ದೇವರು ಅವರಿದ್ದ ಕಡೆಯಿಂದಲೇ ಅವರನ್ನು ಕರೆದರು, ಆದರೆ ಅವರನ್ನು ಅಲ್ಲೇ ಬಿಡಲಿಲ್ಲ.

ಈಗ ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಹೆಮ್ಮಿ ಹಾಲು ಕೊಡಲಿಲ್ಲ, ತೊಗರಿ ಒಣಗಿತು, ಮದುವೆ ಮುರಿಯಿತು, ಮಗಳು ವಿಚಿತ್ರವಾಗಿ ಕೂಗ್ತಾಳ. “ಯಾರೋ ಮಾಡ್ಸ್ಯಾರ. ಯಾರು ಮಾಡ್ಸ್ಯಾರ ಹೇಳ್ರಿ ಪಾಸ್ಟರ್.”

ಸೈತಾನನ ಕೆಲಸ ಇಲ್ಲ ಅಂತ ನಾನು ಹೇಳೋದಿಲ್ಲ. ದುರಾತ್ಮಗಳ ಮೇಲೆ ಯೇಸುವಿನ ನಾಮಕ್ಕೆ ಅಧಿಕಾರ ಉಂಟು, ಹಲ್ಲೆಲೂಯಾ! ಆದರೆ ನಮ್ಮ ಹೋರಾಟ ರಕ್ತಮಾಂಸದವರ ಸಂಗಡ ಅಲ್ಲ ಎಂಬುದು ಎಫೆಸ 6:12ರ ಬೋಧನೆ. “ಯಾರು ಮಾಡ್ಸ್ಯಾರ?” ಅಂತ ಕೇಳಿದ ಕೂಡಲೇ ನಾವು ಆತ್ಮವನ್ನು ಬಿಟ್ಟು ರಕ್ತಮಾಂಸ ಹುಡುಕಲಿಕ್ಕೆ ಹೊರಟೆವು. ಸಿಗುವ ಹೆಸರು ಯಾರದು? ಊರ ಗೌಡರದಲ್ಲ. ಓಣಿಯ ಕೊನೇ ಮನೆಯ ವಿಧವೆ, ಆಸ್ತಿ ಜಗಳ ಇರುವ ವಾರಗಿತ್ತಿ, ಕೇಳೋರಿಲ್ಲದ ಮುದುಕ. ನಮ್ಮ ಗಡಿಯಾಚೆ ಮೇದಕ್ ಸೀಮೆಯಲ್ಲಿ ಬಾನಾಮತಿ ಮಾಡ್ತಾರೆ ಎಂದು ಸಂಶಯ ಬಂದವರ ಹಲ್ಲು ಕಿತ್ತದ್ದುಂಟು. ಹಲ್ಲಿಲ್ಲದಿದ್ದರೆ ಮಂತ್ರ ಸರಿಯಾಗಿ ಹೇಳಲಿಕ್ಕೆ ಬರೋದಿಲ್ಲವಂತೆ! ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಬಾಯಿ ತುಂಬ ರಕ್ತ.

ವಿಮೋಚನಕಾಂಡ 20:16 ನೆರೆಯವನ ವಿರೋಧವಾಗಿ ಸುಳ್ಳುಸಾಕ್ಷಿ ಹೇಳುವುದನ್ನು ನಿಷೇಧಿಸುತ್ತದೆ. ಅಂಜನ ಹಾಕಿ ಹೆಸರು ಹೇಳುವುದು ಸುಳ್ಳುಸಾಕ್ಷಿ. ದುಡ್ಡು ಕೊಟ್ಟು ಆ ಹೆಸರು ಹೇಳಿಸುವವರೂ ಅದರಲ್ಲಿ ಪಾಲುಗಾರರು.

ಈಗ ಧರ್ಮೋಪದೇಶಕಾಂಡ 18ಕ್ಕೆ ಬನ್ನಿ. 10ರಿಂದ 12ರ ತನಕ ಕಣಿ, ಮಾಟ ಬೇಡ ಎಂದಿರುವುದನ್ನು ನಾವು ಗಟ್ಟಿಯಾಗಿ ಓದ್ತೀವಿ. 20ರಿಂದ 22? ದೇವರು ಹೇಳದ ಮಾತನ್ನು ದೇವರ ಹೆಸರಿನಲ್ಲಿ ಹೇಳುವ ಪ್ರವಾದಿಗೆ ಅಲ್ಲಿ ಮರಣದಂಡನೆ! ಅದೇ ಅಧ್ಯಾಯ, ಅದೇ ಕಟ್ಟುನಿಟ್ಟು. ಹಾಗಾದರೆ ಉಪವಾಸ ಪ್ರಾರ್ಥನೆಯಲ್ಲಿ ನಿಂತು “ನಿನ್ನ ಸಂಬಂಧಿಕರಲ್ಲೇ ಒಬ್ಬಳು ನಿನಗೆ ಮಾಡಿಸಿದ್ದಾಳೆ” ಎಂದು ಪ್ರವಾದನೆ ಹೇಳುವವನು ಯಾರು? ಕೈಯಲ್ಲಿ ಸತ್ಯವೇದ ಹಿಡಿದ ಮಂತ್ರವಾದಿ. ಕುಟುಂಬ ಒಡೆಯುವ ಮಾತಿಗೆ ಪವಿತ್ರಾತ್ಮನ ಹೆಸರು ಹಚ್ಚಬೇಡ್ರಿ.

ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದನ್ನೇ ಕೇಳಿದರು: ಪಾಪ ಯಾರದು, ಇವನದೋ, ತಂದೆತಾಯಿಯದೋ? ಯೋಹಾನ 9ರಲ್ಲಿ ಯೇಸು ಸ್ವಾಮಿ ಯಾರ ಹೆಸರನ್ನೂ ಹೇಳಲಿಲ್ಲ. ಆತನ ಕೈಯಲ್ಲೂ ಮಣ್ಣಿತ್ತು. ಆ ಮಣ್ಣಿನಲ್ಲಿ ಯಾರನ್ನೂ ಹೂಳಲಿಲ್ಲ, ಕಣ್ಣಿಗೆ ಹಚ್ಚಿ ದೃಷ್ಟಿ ಕೊಟ್ಟರು.

ಹಾಗಾದರೆ ಏನು ಮಾಡಬೇಕು? ಹಾವು ಕಚ್ಚಿದರೆ ಮೊದಲು ತಾಲೂಕಾಸ್ಪತ್ರೆ, ಪ್ರಾರ್ಥನೆ ದಾರಿಯಲ್ಲೇ ಮಾಡಿರಿ. ಮಗಳು ಕೂಗಿದರೆ ಮನಸ್ಸಿನ ಡಾಕ್ಟರಿಗೆ ತೋರಿಸಿರಿ, ಸಭೆಯ ಹಿರಿಯರನ್ನೂ ಕರೆಯಿರಿ, ಆಕೆಯ ಮಾತನ್ನೂ ಕೂತು ಕೇಳಿರಿ. ಯಾರ ಮೇಲಾದರೂ ಸಂಶಯ ಇದ್ದರೆ ಈ ವಾರ ಅವರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿಯಿರಿ. ನಿಮ್ಮ ನಂಬಿಕೆ ಎಷ್ಟು ಗಟ್ಟಿ ಎಂದು ಆ ಕಪ್ಪಿನಲ್ಲಿ ಗೊತ್ತಾಗ್ತದ.

ಕಣ್ಣು ಮುಚ್ಚೋಣ. ಕರ್ತನೇ, ಕಾರಣ ಸಿಗದ ದುಃಖದಲ್ಲಿ ಒಬ್ಬ ಅಪರಾಧಿಯನ್ನು ಹುಡುಕುವ ಮನಸ್ಸಿನಿಂದ ನಮ್ಮನ್ನು ಬಿಡಿಸು. ಸುಳ್ಳು ಹೆಸರು ಹೊತ್ತು ಒಂಟಿಯಾದವರಿಗೆ ನಮ್ಮ ಮನೆಬಾಗಿಲು ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.