ತೂಕಕ್ಕೆ ಬಾರದ ಉಸಿರು

ಮನೆಯ ಮೂಲೆಯಲ್ಲಿ ಕಪ್ಪಾಗಿ ಬಿದ್ದಿರುವ ಹಿತ್ತಾಳೆ ಬಿಂದಿಗೆಯನ್ನು ಗುಜರಿಯವನಿಗೆ ಕೊಡುವಾಗ ನಮ್ಮ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ಇರುತ್ತದೆ. ಐವತ್ತು ಗ್ರಾಂ ಕಡಿಮೆ ಹಿಡಿದರೂ ಜಗಳಕ್ಕೆ ನಿಲ್ಲುತ್ತೇವೆ. ತಕ್ಕಡಿಯಿಂದ ಇಳಿದ ಬಿಂದಿಗೆ ಮುಂದೆ ಯಾರ ಕೈ ಸೇರುತ್ತದೆ ಎಂದು ಮಾತ್ರ ಕೇಳುವುದಿಲ್ಲ.

ಗುಜರಿ ಹಿತ್ತಾಳೆ ಹೊಸ ರೂಪ ಪಡೆಯುವ ಊರುಗಳಲ್ಲಿ ಗುಜರಾತಿನ ಜಾಮ್‌ನಗರ ಮತ್ತು ಉತ್ತರ ಪ್ರದೇಶದ ಮುರಾದಾಬಾದ್ ಪ್ರಸಿದ್ಧ. ಜಾಮ್‌ನಗರದಲ್ಲಿ ಅದು ಸ್ಕ್ರೂ, ನಲ್ಲಿ, ವಿದ್ಯುತ್ ಉಪಕರಣಗಳ ಬಿಡಿಭಾಗವಾಗುತ್ತದೆ. 'ಪೀತಲ್ ನಗರಿ' ಎಂದೇ ಹೆಸರಾದ ಮುರಾದಾಬಾದಿನಲ್ಲಿ, ಬಹುಪಾಲು ಮುಸ್ಲಿಮ್ ಕುಶಲಕರ್ಮಿಗಳ ಕೈಯಲ್ಲಿ, ಹೂಜಿಯೂ ಆಗುತ್ತದೆ, ದೇವರ ವಿಗ್ರಹವೂ ಆಗುತ್ತದೆ. ತಾನು ಯಾರ ಮನೆಯಲ್ಲಿದ್ದೆ ಎಂಬುದು ಲೋಹಕ್ಕೆ ನೆನಪಿರುವುದಿಲ್ಲ.

ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರುಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಮೂಸೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಅರ ಹಾಕಿದಾಗ ಉದುರಿದ ಪುಡಿಯೂ ಗುಡಿಸಲ್ಪಟ್ಟು ಮತ್ತೆ ಕುಲುಮೆಗೆ ಹೋಗುತ್ತದೆ. ಅದಿರು ಅಗೆದು ಲೋಹ ತೆಗೆಯುವುದಕ್ಕಿಂತ ಇದಕ್ಕೆ ಎಷ್ಟೋ ಕಡಿಮೆ ಇಂಧನ ಸಾಕು. ಏನೂ ವ್ಯರ್ಥವಾಗದ ಕೆಲಸವೆಂದು ನಾವು ಮೆಚ್ಚಿಕೊಳ್ಳುತ್ತೇವೆ.

ಆದರೆ ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹಿತ್ತಾಳೆ ಕರಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಶಾಖ ಬೇಕು. ಹೀಗಾಗಿ ಒಂದಷ್ಟು ಸತು ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವನಿಗೆ ಸಂಜೆ ಚಳಿಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತದೆ. ರಜೆ ಮುಗಿಸಿ ಬಂದರೆ ಮತ್ತೆ ಏರುತ್ತದೆ. ಅದಕ್ಕೇ ಪಶ್ಚಿಮದಲ್ಲಿ ಇದನ್ನು 'ಸೋಮವಾರದ ಜ್ವರ' ಎಂದು ಕರೆದರು. ಗುಜರಿಯಲ್ಲಿ ಬೆರೆತುಬರುವ ಸೀಸದ ವಿಷ ಅಷ್ಟು ಸುಲಭವಾಗಿ ಮೈಬಿಟ್ಟು ಹೋಗುವುದಿಲ್ಲ. ಹಾರಿಹೋದ ಸತುವನ್ನು ಎರಕದವನು ಮತ್ತೆ ಬೆರೆಸಿ ಸರಿದೂಗಿಸುತ್ತಾನೆ. ಅವನ ಹೋದ ಆರೋಗ್ಯವನ್ನು ಸರಿದೂಗಿಸುವವರು ಯಾರು?

ಹಾಗಾದರೆ ಗುಜರಿ ಕೊಡುವುದೇ ತಪ್ಪೇ? ಅಲ್ಲ. ಕುಲುಮೆ ಆರಿದರೆ ಅವನ ಮನೆಯ ಒಲೆಯೂ ಆರುತ್ತದೆ. 'ಅವನೇ ಒಪ್ಪಿ ಮಾಡುವ ಕೆಲಸವಲ್ಲವೇ' ಎನ್ನಬಹುದು. ಹಸಿವು ಕೊಡಿಸಿದ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಲಾಗದು. ಮಿತವ್ಯಯದ ಪುಣ್ಯ ನಮಗೆ, ಅದರ ಬೆಲೆ ಮಾತ್ರ ಇನ್ನೊಬ್ಬನ ಶ್ವಾಸಕೋಶಕ್ಕೆ ಎಂದಾದರೆ ಆ ಪುಣ್ಯದಲ್ಲಿ ನಮ್ಮ ಪಾಲೆಷ್ಟು?

ಹೊಗೆ ಎಳೆಯುವ ಚಿಮಣಿಗೆ, ಒಳ್ಳೆಯ ಮುಖಗವಸಿಗೆ ದುಡ್ಡು ಬೇಕು. ವ್ಯಾಪಾರಿಯಿಂದ ಹಿಡಿದು ನಮ್ಮವರೆಗೆ ಎಲ್ಲರೂ ಬೆಲೆ ಇಳಿಸುತ್ತ ಹೋದರೆ ಮೊದಲು ಬಿಟ್ಟುಹೋಗುವುದು ಅವೇ. ತೂಕದಲ್ಲಿ ಮೋಸ ಮಾಡಬಾರದೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಹೊಸ ದೀಪವನ್ನು ಚೌಕಾಸಿ ಮಾಡಿ ಕೊಳ್ಳುವಾಗಲೂ ಆ ಮಾತು ನಮಗೆ ನೆನಪಾಗಬೇಕು.