ಕರೆಯದೆ ಬಂದ ಹಾಡು

1973ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬವರಿ ಬೀದಿಯಲ್ಲಿ ಹಿಲ್ಲಿ ಕ್ರಿಸ್ಟಲ್ ಎಂಬಾತ ತನ್ನ ಬಾರಿಗೆ ಹೊಸ ಬೋರ್ಡು ಹಾಕಿಸಿದ: ಸಿಬಿಜಿಬಿ. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಮೂರು ಬಗೆಯ ಹಾಡುಗಾರಿಕೆಯನ್ನು ಸೂಚಿಸುವ ಅಕ್ಷರಗಳು ಅವು. ಆತ ಕಾದು ಕೂತದ್ದು ಅವಕ್ಕೆ. ಬಂದದ್ದು ಪಂಕ್.

ಬವರಿ ಆಗ ದಿಕ್ಕಿಲ್ಲದವರ, ಕುಡಿದು ಬಿದ್ದವರ ಬೀದಿ. ಬಾರಿನ ಮೇಲಂತಸ್ತಿನಲ್ಲಿ ಬಡಪಾಯಿಗಳು ರಾತ್ರಿ ಕಳೆಯುವ ಅಗ್ಗದ ಲಾಡ್ಜು. ಮರ್ಯಾದಸ್ಥರು ಕಾಲಿಡದ ಕಡೆ, ಓಣಿಯ ಹಾಗೆ ಉದ್ದಕ್ಕಿದ್ದ ಆ ಕತ್ತಲ ಕೋಣೆಯಲ್ಲಿ 1974ರಲ್ಲಿ ಟೆಲಿವಿಷನ್ ತಂಡ ನುಡಿಸಿತು. ಅದೇ ಆಗಸ್ಟಿನಲ್ಲಿ ರಮೋನ್ಸ್. ಹಿಂದೆಯೇ ಪ್ಯಾಟಿ ಸ್ಮಿತ್, ಬ್ಲಾಂಡಿ, ಟಾಕಿಂಗ್ ಹೆಡ್ಸ್. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಇವರೆಲ್ಲ ಒಂದೇ ಬಾಗಿಲಲ್ಲಿ, ಅದೂ ಒಂದೆರಡು ವರ್ಷದೊಳಗೆ, ನುಗ್ಗಿದ್ದಾದರೂ ಹೇಗೆ?

ಕ್ರಿಸ್ಟಲ್‌ನ ಮುಖ್ಯ ಷರತ್ತು: ನಿಮ್ಮ ಹಾಡನ್ನೇ ಹಾಡಿ. ಬೇರೆಯವರ ಹಾಡಾದರೆ ರಾಯಧನ ಕಟ್ಟಬೇಕು, ಅದನ್ನು ಉಳಿಸುವ ಲೆಕ್ಕವೂ ಇತ್ತೆನ್ನುತ್ತಾರೆ. ನನಗಂತೂ ಈ ಜಿಪುಣತನ ಬಹಳ ಹಿಡಿಸಿದೆ. ಬೇರೆಯವರ ಹಾಡು ನುಡಿಸಲು ಬಾರದ್ದಕ್ಕೇ ನಮ್ಮದನ್ನು ಕಟ್ಟಿಕೊಂಡೆವು ಎಂದು ರಮೋನ್ಸ್ ಹುಡುಗರು ಹೇಳಿಕೊಂಡದ್ದುಂಟು. ಇಲ್ಲಿ ದುಡ್ಡಿನ ಕೊರತೆ, ಅಲ್ಲಿ ವಿದ್ಯೆಯ ಕೊರತೆ. ಎರಡೂ ಕೂಡಿ ಎರಡೆರಡು ನಿಮಿಷದ ಹಾಡುಗಳಾದವು. ಒಂದು ಮುಗಿಯಿತೆನ್ನುವಷ್ಟರಲ್ಲಿ ಮುಂದಿನದಕ್ಕೆ ‘ಒನ್ ಟೂ ತ್ರೀ ಫೋರ್’ ಎಂಬ ಕೂಗು. ಅರ್ಧ ಗಂಟೆಯ ಆಲಾಪನೆಗೆ ಒಗ್ಗಿದ ನನ್ನ ಕಿವಿಗೆ ಇದು ಮೊದಲು ಬರೀ ಸದ್ದು. ಕೇಳುತ್ತ ಹೋದರೆ, ಆ ಅವಸರದಲ್ಲೂ ಒಂದು ಕಟ್ಟುನಿಟ್ಟು.

ಇಷ್ಟಾದರೂ ನನ್ನ ಬೆರಗು ಹುಡುಗರ ಮೇಲಲ್ಲ, ಕ್ರಿಸ್ಟಲ್‌ನ ಮೇಲೆ. ಮೊದಮೊದಲು ಆ ಗದ್ದಲ ಅವನಿಗೇ ರುಚಿಸಿರಲಿಲ್ಲ. ಆದರೂ ಮತ್ತೆ ಬನ್ನಿ ಎಂದ. ತನಗೆ ಇಷ್ಟವಾದದ್ದಕ್ಕೆ ಜಾಗ ಕೊಡುವವರು ಬೇಕಾದಷ್ಟು ಜನ. ಇಷ್ಟವಾಗದ್ದಕ್ಕೆ ದೀಪ ಹಚ್ಚಿ, ಮೈಕು ಕೊಟ್ಟು, ಕೌಂಟರಿನಾಚೆ ನಿಂತು ಕೇಳುವ ಮನಸ್ಸು ಎಲ್ಲಿಂದ ಬರುತ್ತದೆ?

ಬಾಡಿಗೆಯ ತಕರಾರಿನಿಂದ 2006ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಅವನಿಗೆ ಜಾಗ ಬಾಡಿಗೆಗೆ ಕೊಟ್ಟಿದ್ದು ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆ! ಕೊನೆಯ ರಾತ್ರಿ ಪ್ಯಾಟಿ ಸ್ಮಿತ್ ಹಾಡಿದಳು. ಮರುವರ್ಷ ಕ್ರಿಸ್ಟಲ್ ತೀರಿಕೊಂಡ. ಆಮೇಲೆ ಅಲ್ಲಿ ದುಬಾರಿ ಉಡುಪಿನಂಗಡಿ ಬಂತು. 2013ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ, ಪಂಕ್ ಉಡುಪುಗಳ ಪ್ರದರ್ಶನಕ್ಕೆಂದು, ಗೀಚು ಬರಹಗಳ ಸಮೇತ ಆ ಬಾರಿನ ಶೌಚಾಲಯದ ಪ್ರತಿಕೃತಿಯನ್ನೇ ಕಟ್ಟಿ ನಿಲ್ಲಿಸಿತು. ಕೊಳಕಿಗೆ ಊರಿಗೆಲ್ಲ ಹೆಸರಾಗಿದ್ದ ಶೌಚಾಲಯವದು.